ಇಂಗ್ಲಿಷ್ ನಾಮಪದಗಳ ಅರ್ಥ: ಪದೇ ಪದೇ ಕೇಳುವ ಪ್ರಶ್ನೆಗಳು

ದಿನಬಳಕೆಯ ಪದಗಳೂ ಒಂದೊಂದು ಶಾಸ್ತ್ರದೊಳಗಷ್ಟೇ ಓಡಾಡುವ ಪದಗಳೂ ಇಲ್ಲಿ ಬೆರೆತು ಬಂದಿವೆ. ಹೆಚ್ಚಿನವನ್ನು ಜೋಡಿಯಾಗಿಯೇ ವಿವರಿಸಿದ್ದೇವೆ. ಒಂದು ಪದದ ಅರ್ಥ ತಪ್ಪುವುದು ಸಾಮಾನ್ಯವಾಗಿ ಅದರ ಪಕ್ಕದ ಪದದ ಜೊತೆ ಅದನ್ನು ಕಲಸಿಕೊಂಡಾಗ.

ಒಂದು ನಾಮಪದಕ್ಕೆ ಸರಿಯಾದ ಅರ್ಥವಿವರಣೆ ಬರೆಯುವುದು ಹೇಗೆ?

ಎರಡು ಹೆಜ್ಜೆ. ಮೊದಲು ಅದು ಯಾವ ಗುಂಪಿಗೆ ಸೇರಿದ್ದು ಎಂದು ಹೇಳಬೇಕು; ಆಮೇಲೆ ಅದೇ ಗುಂಪಿನ ಉಳಿದವುಗಳಿಂದ ಅದನ್ನು ಬೇರೆ ಮಾಡುವ ಗುರುತು ಯಾವುದೆಂದು ಹೇಳಬೇಕು. ಅರಿಸ್ಟಾಟಲ್‌ನ ಕಾಲದಿಂದ ನಡೆದುಬಂದ ಈ ಕ್ರಮವನ್ನು ಇವತ್ತಿನ ನಿಘಂಟುಗಳೂ ಬಿಟ್ಟಿಲ್ಲ. ‘ಚೇರ್’ ತೆಗೆದುಕೊಳ್ಳಿ. ಗುಂಪು: ಆಸನ. ಗುರುತು: ಒಬ್ಬರಿಗೆ ಮಾತ್ರ, ಬೆನ್ನಿಗೆ ಒರಗು ಉಂಟು. ಒರಗು ತೆಗೆದರೆ ‘ಸ್ಟೂಲ್’. ಇಬ್ಬರು ಮೂವರು ಕೂರುವಷ್ಟು ಉದ್ದ ಮಾಡಿದರೆ ‘ಬೆಂಚ್’. ಆ ಉದ್ದಕ್ಕೆ ಮೆತ್ತೆ, ಒರಗು, ಕೈ ಮೂರೂ ಸೇರಿದರೆ ‘ಸೋಫಾ’. ‘ನಾಲ್ಕು ಕಾಲು’ ಎಂಬುದು ವಿವರಣೆಯೊಳಗೆ ಬರುವುದೇ ಇಲ್ಲ. ಕಚೇರಿಯ ತಿರುಗುವ ಕುರ್ಚಿಗೆ ನಡುವೆ ಒಂದೇ ಕಂಬ, ಕೆಳಗೆ ಐದು ಚಕ್ರ.

ಬರೆದದ್ದನ್ನು ಮೂರು ಬಗೆಯಲ್ಲಿ ಪರೀಕ್ಷಿಸಿ. ವಿವರಣೆ ತೀರಾ ಅಗಲವಾಗಿದೆಯೇ? ‘ಕೂರಲು ಬಳಸುವ ವಸ್ತು’ ಎಂದರೆ ಚಾಪೆಯೂ ಕುರ್ಚಿಯಾಗುತ್ತದೆ. ತೀರಾ ಇಕ್ಕಟ್ಟಾಗಿದೆಯೇ? ‘ಮರದಿಂದ ಮಾಡಿದ’ ಎಂದರೆ ಪ್ಲಾಸ್ಟಿಕ್ ಕುರ್ಚಿ ಹೊರಗುಳಿಯುತ್ತದೆ. ಸುತ್ತು ಹೊಡೆಯುತ್ತಿದೆಯೇ? ‘ಟೀಚಿಂಗ್ ಎಂದರೆ ಟೀಚರ್ ಮಾಡುವ ಕೆಲಸ’ ಎಂದು ಬರೆದು, ‘ಟೀಚರ್ ಎಂದರೆ ಟೀಚಿಂಗ್ ಮಾಡುವವರು’ ಎಂದರೆ ಓದುಗರು ಹೊರಟಲ್ಲಿಗೇ ಬಂದು ನಿಲ್ಲುತ್ತಾರೆ. ಪರೀಕ್ಷೆಯ ಉತ್ತರಗಳಲ್ಲಿ ಅಂಕ ಹೋಗುವುದು ಹೆಚ್ಚಾಗಿ ಈ ಮೂರನೆಯ ತಪ್ಪಿನಿಂದ.

ನಿಘಂಟಿನಲ್ಲಿ ಒಂದೇ ಪದಕ್ಕೆ ಹತ್ತು ಅರ್ಥ ಕೊಟ್ಟಿರುತ್ತಾರೆ. ಯಾವುದನ್ನು ಹಿಡಿಯಬೇಕು?

ಮೊದಲ ಅರ್ಥವೇ ಮುಖ್ಯ ಅರ್ಥ ಎಂದುಕೊಳ್ಳಬೇಡಿ. ಕೆಲವು ನಿಘಂಟುಗಳು ಅರ್ಥಗಳನ್ನು ಇತಿಹಾಸದ ಕ್ರಮದಲ್ಲಿ ಜೋಡಿಸುತ್ತವೆ: ಹಳೆಯದು ಮೊದಲು, ಹೊಸದು ಕೊನೆಗೆ. ಅಂಥ ನಿಘಂಟಿನಲ್ಲಿ ‘ಮೀಟ್’ ಪದಕ್ಕೆ ಮೊದಲು ಸಿಗುವುದು ‘ಆಹಾರ’ ಎಂಬ ಅರ್ಥ, ಏಕೆಂದರೆ ಹಳೆಯ ಇಂಗ್ಲಿಷಿನಲ್ಲಿ ಅದು ಯಾವುದೇ ತಿನಿಸಿಗೆ ಸಲ್ಲುತ್ತಿತ್ತು. ‘ಮಾಂಸ’ ಎಂಬುದು ಆಮೇಲೆ ಬಂದ ಅರ್ಥ. ಕಲಿಯುವವರಿಗೆಂದು ಮಾಡಿದ ನಿಘಂಟುಗಳು ಬಳಕೆಯ ಕ್ರಮ ಅನುಸರಿಸುತ್ತವೆ. ನಿಮ್ಮ ಕೈಯಲ್ಲಿರುವುದು ಯಾವ ಬಗೆಯದು ಎಂದು ಮುನ್ನುಡಿಯಲ್ಲೇ ಬರೆದಿರುತ್ತದೆ. ಆ ಒಂದು ಪುಟವನ್ನು ತಪ್ಪದೆ ಓದಿ.

ಆಮೇಲೆ ಅರ್ಥದ ಹಿಂದಿರುವ ಕ್ಷೇತ್ರದ ಗುರುತು ನೋಡಿ: ಕಾನೂನು, ವೈದ್ಯ, ಕಂಪ್ಯೂಟರ್, ಸಸ್ಯಶಾಸ್ತ್ರ. ಕೊನೆಗೆ, ಆರಿಸಿಕೊಂಡ ಅರ್ಥವನ್ನು ವಾಕ್ಯದಲ್ಲಿ ಪದದ ಜಾಗಕ್ಕೆ ಕೂರಿಸಿ ಓದಿ. ವಾಕ್ಯ ಕುಂಟಿದರೆ ಮುಂದಿನ ಅರ್ಥಕ್ಕೆ ಹೋಗಿ.

ನಾಮಪದದ ಮುಂದೆ ‘ಸಿ’ ಅಥವಾ ‘ಯು’ ಎಂದು ಇರುತ್ತದಲ್ಲ, ಅದಕ್ಕೂ ಅರ್ಥಕ್ಕೂ ಏನು ಸಂಬಂಧ?

ತುಂಬಾ ಸಂಬಂಧವಿದೆ. ‘ಸಿ’ ಎಂದರೆ ಎಣಿಸಬಹುದಾದದ್ದು, ‘ಯು’ ಎಂದರೆ ಎಣಿಸಲಾಗದ್ದು. ಅನೇಕ ಪದಗಳಿಗೆ ಎರಡೂ ಗುರುತು ಇದ್ದು, ಗುರುತು ಬದಲಾದಾಗ ವಸ್ತುವೇ ಬದಲಾಗುತ್ತದೆ. ‘ಪೇಪರ್’ ಎಣಿಸದಿದ್ದಾಗ ಕಾಗದ; ‘ಎ ಪೇಪರ್’ ಎಂದಾಗ ಪತ್ರಿಕೆ, ಪ್ರಶ್ನೆಪತ್ರಿಕೆ ಅಥವಾ ಸಂಶೋಧನಾ ಪ್ರಬಂಧ. ‘ಗ್ಲಾಸ್’ ಗಾಜು, ‘ಎ ಗ್ಲಾಸ್’ ಲೋಟ. ‘ಐರನ್’ ಕಬ್ಬಿಣ, ‘ಆ್ಯನ್ ಐರನ್’ ಇಸ್ತ್ರಿಪೆಟ್ಟಿಗೆ. ‘ರೂಮ್’ ಎಣಿಸದಿದ್ದಾಗ ಜಾಗ, ಎಣಿಸಿದಾಗ ಕೋಣೆ.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು ಎಡವುವ ಪದಗಳು ಬೇರೆಯೇ ಇವೆ: ಇನ್ಫರ್ಮೇಶನ್, ಅಡ್ವೈಸ್, ಫರ್ನಿಚರ್, ಲಗೇಜ್, ಎಕ್ವಿಪ್‌ಮೆಂಟ್, ಎವಿಡೆನ್ಸ್. ‘ಮೂರು ಸಲಹೆಗಳು’ ನಮಗೆ ಸಹಜ, ಇಂಗ್ಲಿಷಿನಲ್ಲಿ ‘ತ್ರೀ ಅಡ್ವೈಸಸ್’ ಇಲ್ಲ. ‘ತ್ರೀ ಪೀಸಸ್ ಆಫ್ ಅಡ್ವೈಸ್’ ಎನ್ನಬೇಕು. ಈ ಆರನ್ನು ಬಾಯಿಪಾಠ ಮಾಡಿಕೊಂಡರೆ ನಿತ್ಯದ ಬರವಣಿಗೆಯ ಎಷ್ಟೋ ತಪ್ಪು ತಪ್ಪುತ್ತದೆ.

ಕೊನೆಗೆ ‘ಎಸ್’ ಸೇರಿದರೆ ಬಹುವಚನ ತಾನೇ?

ಯಾವಾಗಲೂ ಅಲ್ಲ. ‘ಕಸ್ಟಮ್’ ಪದ್ಧತಿ, ‘ಕಸ್ಟಮ್ಸ್’ ಪದ್ಧತಿಗಳು ಎಂದೂ ಆಗಬಹುದು, ಗಡಿಯಲ್ಲಿ ಸುಂಕ ವಸೂಲು ಮಾಡುವ ಇಲಾಖೆಯೂ ಆಗಬಹುದು. ‘ಆರ್ಮ್’ ತೋಳು, ‘ಆರ್ಮ್ಸ್’ ಶಸ್ತ್ರಾಸ್ತ್ರ. ‘ಮಿನಿಟ್’ ನಿಮಿಷ, ‘ಮಿನಿಟ್ಸ್’ ಸಭೆಯ ನಡಾವಳಿಯ ಬರಹ. ‘ಸ್ಪೆಕ್ಟಕಲ್’ ಕಣ್ಸೆಳೆಯುವ ನೋಟ, ‘ಸ್ಪೆಕ್ಟಕಲ್ಸ್’ ಕನ್ನಡಕ.

ಇನ್ನೊಂದು ದಿಕ್ಕಿನ ತೊಡಕೂ ಇದೆ. ಗ್ರೀಕ್, ಲ್ಯಾಟಿನ್ ಮೂಲದ ಕೆಲವು ಬಹುವಚನಗಳಲ್ಲಿ ‘ಎಸ್’ ಕಾಣುವುದೇ ಇಲ್ಲ. ಕ್ರೈಟೀರಿಯಾ, ಫಿನಾಮಿನಾ, ಬ್ಯಾಕ್ಟೀರಿಯಾ ಮೂರೂ ಬಹುವಚನ. ಒಂದಕ್ಕೆ ಕ್ರೈಟೀರಿಯನ್, ಫಿನಾಮಿನನ್, ಬ್ಯಾಕ್ಟೀರಿಯಮ್ ಎನ್ನಬೇಕು. ‘ಡೇಟಾ’ ಮೂಲದಲ್ಲಿ ಬಹುವಚನವಾದರೂ ಇಂದಿನ ಬಳಕೆಯಲ್ಲಿ ‘ವಾಟರ್’ ತರಹ ಎಣಿಸಲಾಗದ ಪದವಾಗಿ ನಿಂತಿದೆ. ಎರಡೂ ಸರಿ.

ಕನ್ನಡದಲ್ಲಿ ನಾವು ಬಳಸುವ ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲೂ ಅದೇ ಅರ್ಥವೇ?

ಎಷ್ಟೋ ಪದಗಳಿಗೆ ಇಲ್ಲ. ನಮ್ಮ ಮಾತಿನಲ್ಲಿ ‘ಹೋಟೆಲ್’ ಎಂದರೆ ಊಟ ತಿಂಡಿಯ ಜಾಗ. ಇಂಗ್ಲಿಷಿನಲ್ಲಿ ಅದು ತಂಗುವ ಜಾಗ, ಊಟ ಮಾತ್ರ ಸಿಗುವುದು ‘ರೆಸ್ಟೋರೆಂಟ್’. ‘ಕರೆಂಟ್ ಹೋಯ್ತು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಹೋಗುವುದು ‘ಪವರ್’. ‘ಸೈಟ್’ ನಮಗೆ ಮನೆ ಕಟ್ಟುವ ನಿವೇಶನ, ಅವರಿಗೆ ಯಾವುದಾದರೂ ನಡೆಯುವ ಅಥವಾ ನಡೆದ ಸ್ಥಳ, ನಿವೇಶನಕ್ಕೆ ‘ಪ್ಲಾಟ್’. ‘ಕವರ್’ ನಮಗೆ ಕೈಚೀಲ, ಅವರಿಗೆ ಹೊದಿಕೆ ಅಥವಾ ಮುಚ್ಚಳ. ‘ಡೌಟ್’ ನಮಗೆ ಕೇಳಬೇಕಾದ ಪ್ರಶ್ನೆ, ಅವರಿಗೆ ನಂಬಿಕೆಯ ಕೊರತೆ. ಪಾಠ ಮುಗಿದ ಮೇಲೆ ‘ಐ ಹ್ಯಾವ್ ಎ ಡೌಟ್’ ಎಂದರೆ, ನೀವು ಹೇಳಿದ್ದನ್ನು ನಾನು ಪೂರ್ತಿ ನಂಬುವುದಿಲ್ಲ ಎಂಬಂತೆ ಕೇಳಿಸೀತು. ‘ಕ್ವೆಶ್ಚನ್’ ಎಂದರೆ ಕೆಲಸ ಮುಗಿಯಿತು.

ಕನ್ನಡದೊಳಗಿನ ಈ ಬಳಕೆಗಳು ತಪ್ಪಲ್ಲ. ಪದ ಇನ್ನೊಂದು ಭಾಷೆಗೆ ಬಂದ ಮೇಲೆ ಆ ಭಾಷೆಯದೇ ಆಗುತ್ತದೆ. ವಾಪಸ್ ಇಂಗ್ಲಿಷಿಗೆ ಹೊತ್ತೊಯ್ಯುವಾಗ ಮಾತ್ರ ಎಚ್ಚರ ಬೇಕು.

ಮಾಸ್ ಮತ್ತು ವೇಯ್ಟ್ ಎರಡೂ ತೂಕವೇ ಅಲ್ಲವೇ?

ಅಂಗಡಿಯ ತಕ್ಕಡಿಯ ಮುಂದೆ ಹೌದು, ಭೌತಶಾಸ್ತ್ರದಲ್ಲಿ ಅಲ್ಲ. ‘ಮಾಸ್’ ಅಥವಾ ದ್ರವ್ಯರಾಶಿ ಎಂದರೆ ವಸ್ತುವಿನಲ್ಲಿರುವ ದ್ರವ್ಯದ ಮೊತ್ತ, ಅಳತೆ ಕಿಲೋಗ್ರಾಂನಲ್ಲಿ. ‘ವೇಯ್ಟ್’ ಒಂದು ಬಲ: ಆ ವಸ್ತುವನ್ನು ಗುರುತ್ವ ಎಳೆಯುವ ಬಲ, ಅಳತೆ ನ್ಯೂಟನ್‌ನಲ್ಲಿ. 60 ಕಿಲೋ ದ್ರವ್ಯರಾಶಿಯ ವ್ಯಕ್ತಿಯ ತೂಕ ಭೂಮಿಯ ಮೇಲೆ ಸುಮಾರು 588 ನ್ಯೂಟನ್, ಚಂದ್ರನ ಮೇಲೆ ಸುಮಾರು 97. ದ್ರವ್ಯರಾಶಿ ಎರಡೂ ಕಡೆ 60 ಕಿಲೋವೇ. ಸ್ಪ್ರಿಂಗ್ ತಕ್ಕಡಿ ಅಳೆಯುವುದು ಎಳೆತವನ್ನು, ಆದ್ದರಿಂದ ಚಂದ್ರನ ಮೇಲೆ ಕಡಿಮೆ ತೋರಿಸುತ್ತದೆ. ಎರಡು ತಟ್ಟೆಯ ತಕ್ಕಡಿ ದ್ರವ್ಯರಾಶಿಯನ್ನು ತೂಕದ ಬೊಟ್ಟಿನೊಂದಿಗೆ ಹೋಲಿಸುತ್ತದೆ. ಎರಡೂ ತಟ್ಟೆಯ ಮೇಲಿನ ಎಳೆತ ಒಟ್ಟಿಗೇ ಇಳಿಯುವುದರಿಂದ ಅಲ್ಲೂ ಸರಿಯಾಗಿಯೇ ತೂಗುತ್ತದೆ.

ಇನ್ನು ‘ಕಿಲೋಗ್ರಾಂ’ ಎಂಬ ಪದದ ವಿವರಣೆಯೇ ಈಚೆಗೆ ಬದಲಾಗಿದೆ. ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂ ಉರುಳೆಯೊಂದೇ 2019ರವರೆಗೆ ಜಗತ್ತಿನ ಕಿಲೋಗ್ರಾಂ ಆಗಿತ್ತು. ಆ ವರ್ಷದ ಮೇ 20ರಿಂದ ಪ್ಲಾಂಕ್ ಸ್ಥಿರಾಂಕ ಎಂಬ, ಪ್ರಕೃತಿಯಲ್ಲಿ ಎಂದೂ ಬದಲಾಗದ ಸಂಖ್ಯೆಯ ನಿಗದಿತ ಬೆಲೆಯ ಮೇಲೆ ಅದನ್ನು ವ್ಯಾಖ್ಯಾನಿಸಲಾಗುತ್ತಿದೆ. ‘ಮೀಟರ್’ 1983ರಿಂದಲೇ ಬೆಳಕಿನ ಲೆಕ್ಕಕ್ಕೆ ಸೇರಿತ್ತು: ನಿರ್ವಾತದಲ್ಲಿ ಬೆಳಕು ಸೆಕೆಂಡಿನ 29,97,92,458ನೇ ಒಂದು ಪಾಲಿನಲ್ಲಿ ಕ್ರಮಿಸುವ ದೂರ. ಒಳ್ಳೆಯ ವಿವರಣೆ ಸವೆಯುವ ವಸ್ತುವಿನ ಮೇಲೆ ನಿಲ್ಲಬಾರದು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನಮಗೆ ಗೊತ್ತಿಲ್ಲ.

ಸ್ಪೀಡ್ ಮತ್ತು ವೆಲಾಸಿಟಿ?

‘ಸ್ಪೀಡ್’ ಜವ, ‘ವೆಲಾಸಿಟಿ’ ವೇಗ. ವೇಗಕ್ಕೆ ದಿಕ್ಕೂ ಸೇರಿದೆ. 400 ಮೀಟರಿನ ಓಟದ ಪಥವನ್ನು 80 ಸೆಕೆಂಡಿನಲ್ಲಿ ಸುತ್ತಿ ಹೊರಟ ಗೆರೆಗೇ ಬಂದರೆ ಸರಾಸರಿ ಜವ ಸೆಕೆಂಡಿಗೆ 5 ಮೀಟರ್, ಸರಾಸರಿ ವೇಗ ಸೊನ್ನೆ.

ಹೀಟ್ ಮತ್ತು ಟೆಂಪರೇಚರ್ ನಡುವಿನ ವ್ಯತ್ಯಾಸ ಲೆಕ್ಕದಲ್ಲಿ ತೋರಿಸಬಹುದೇ?

ಲೋಟವೊಂದರಲ್ಲಿ 200 ಮಿಲಿಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 95ಕ್ಕೆ ಕಾಯಿಸಿ. ಬಕೆಟ್‌ನಲ್ಲಿ 15 ಲೀಟರ್ ನೀರನ್ನು 25ರಿಂದ 40ಕ್ಕೆ ಕಾಯಿಸಿ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4,186 ಜೂಲ್ ಬೇಕು. ಲೋಟಕ್ಕೆ ಸುಮಾರು 58,600 ಜೂಲ್ ಹೋಯಿತು, ಬಕೆಟ್‌ಗೆ ಸುಮಾರು 9,42,000. ಕೈ ಸುಡುವುದು ಲೋಟದ ನೀರು, ಆದರೆ ಹದಿನಾರು ಪಟ್ಟು ಉಷ್ಣ ಹೀರಿದ್ದು ಬಕೆಟ್. ‘ಟೆಂಪರೇಚರ್’ ಎಷ್ಟು ಬಿಸಿ ಎಂಬುದರ ಅಳತೆ. ‘ಹೀಟ್’ ಒಂದರಿಂದ ಇನ್ನೊಂದಕ್ಕೆ ಹರಿದ ಶಕ್ತಿ.

ಎರಡೂ ಬೇರೆ ಎನ್ನುವುದಕ್ಕೆ ಗಟ್ಟಿ ಪುರಾವೆ ಕರಗುವ ಮಂಜುಗಡ್ಡೆ. ಒಂದು ಕಿಲೋ ಗಡ್ಡೆ ಪೂರ್ತಿ ಕರಗಲು ಸುಮಾರು 3,34,000 ಜೂಲ್ ಹೀರುತ್ತದೆ, ಆದರೂ ಕರಗಿ ಮುಗಿಯುವವರೆಗೆ ಥರ್ಮಾಮೀಟರ್ ಸೊನ್ನೆ ಬಿಟ್ಟು ಕದಲುವುದಿಲ್ಲ.

10,000 ಎಂಎಎಚ್ ಪವರ್ ಬ್ಯಾಂಕ್ 5,000 ಎಂಎಎಚ್ ಫೋನನ್ನು ಎರಡು ಸಲ ಯಾಕೆ ತುಂಬುವುದಿಲ್ಲ?

ಎಂಎಎಚ್, ಅಂದರೆ ಮಿಲಿಆಂಪಿಯರ್-ಅವರ್ ಎಂಬುದು ವಿದ್ಯುದಾವೇಶದ ಅಳತೆ. ಶಕ್ತಿಯ ಅಳತೆ ಬೇಕೆಂದರೆ ವೋಲ್ಟೇಜಿನಿಂದ ಗುಣಿಸಬೇಕು. ಪವರ್ ಬ್ಯಾಂಕ್ ಒಳಗಿನ ಲಿಥಿಯಂ ಕೋಶದ ವೋಲ್ಟೇಜ್ 3.7 ಎಂದುಕೊಂಡರೆ 10,000 ಎಂಎಎಚ್ ಎಂದರೆ 37 ವಾಟ್-ಅವರ್. ಯುಎಸ್‌ಬಿ ತಂತಿಯಲ್ಲಿ ಅದು 5 ವೋಲ್ಟಿಗೆ ಏರಿ ಹೊರಬರುತ್ತದೆ, ಆಗ ಆವೇಶ 7,400 ಎಂಎಎಚ್‌ಗೆ ಇಳಿಯುತ್ತದೆ. ವೋಲ್ಟೇಜ್ ಬದಲಿಸುವಾಗ ಒಂದಷ್ಟು ಶಕ್ತಿ ಬಿಸಿಯಾಗಿ ಸೋರುತ್ತದೆ. ಫೋನಿನ ಬ್ಯಾಟರಿ ಸುಮಾರು 19 ವಾಟ್-ಅವರ್. ಶೇ 15ರಷ್ಟು ಸೋರಿಕೆ ಕಳೆದರೆ ಒಂದೂವರೆ ಸಲಕ್ಕಿಂತ ತುಸು ಹೆಚ್ಚು ತುಂಬೀತು, ಎರಡು ಸಲ ಆಗದು. ಪವರ್ ಬ್ಯಾಂಕ್ ಕೊಳ್ಳುವಾಗ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿರುವ ವಾಟ್-ಅವರ್ ನೋಡಿ. ವಿಮಾನದೊಳಗೆ ಒಯ್ಯುವಾಗಿನ 100ರ ಮಿತಿಯೂ ವಾಟ್-ಅವರ್ ಲೆಕ್ಕದಲ್ಲೇ ಇದೆ.

ಇದೇ ಮನೆತನದ ಉಳಿದ ಪದಗಳನ್ನೂ ಇಲ್ಲೇ ಹೇಳಿಬಿಡೋಣ. ‘ಕರೆಂಟ್’ ಒಂದು ಸೆಕೆಂಡಿಗೆ ತಂತಿಯಲ್ಲಿ ಹರಿಯುವ ಆವೇಶ, ಅಳತೆ ಆಂಪಿಯರ್. ‘ವೋಲ್ಟೇಜ್’ ಆ ಹರಿವಿಗೆ ಕಾರಣವಾದ ವಿಭವಾಂತರ, ಅಂದರೆ ಆವೇಶವನ್ನು ತಳ್ಳುವ ಒತ್ತಡ. ‘ಪವರ್’ ಎರಡರ ಗುಣಲಬ್ಧ, ಅಳತೆ ವಾಟ್. ಅಂದರೆ ಶಕ್ತಿ ಖರ್ಚಾಗುವ ದರ. ‘ಎನರ್ಜಿ’ ಆ ದರವನ್ನು ಸಮಯದಿಂದ ಗುಣಿಸಿದಾಗ ಸಿಗುವ ಮೊತ್ತ. ವಿದ್ಯುತ್ ಬಿಲ್ಲಿನ ಒಂದು ‘ಯೂನಿಟ್’ ಎಂದರೆ ಒಂದು ಕಿಲೋವಾಟ್-ಅವರ್, 36 ಲಕ್ಷ ಜೂಲ್. 1,000 ವಾಟಿನ ಇಸ್ತ್ರಿಪೆಟ್ಟಿಗೆ ಬಿಡದೆ ಒಂದು ಗಂಟೆ ಕಾದರೂ ಒಂದು ಯೂನಿಟ್, 10 ವಾಟಿನ ಎಲ್‌ಇಡಿ ಬಲ್ಬ್ ನೂರು ಗಂಟೆ ಉರಿದರೂ ಒಂದು ಯೂನಿಟ್. ‘ಈ ಯಂತ್ರ ಗಂಟೆಗೆ 500 ವಾಟ್ ತಿನ್ನುತ್ತದೆ’ ಎಂದು ಬರೆದಿದ್ದು ಕಂಡರೆ ಬರೆದವರು ದರವನ್ನೂ ಮೊತ್ತವನ್ನೂ ಕಲಸಿದ್ದಾರೆ ಎಂದು ತಿಳಿಯಿರಿ. ವಾಟ್ ಎಂಬುದರೊಳಗೇ ‘ಸೆಕೆಂಡಿಗೆ ಇಷ್ಟು’ ಎಂಬುದು ಅಡಗಿದೆ.

ಬಿಟ್, ಬೈಟ್, ಬ್ಯಾಂಡ್‌ವಿಡ್ತ್, ಲೇಟೆನ್ಸಿ ಇವನ್ನು ಸ್ವಲ್ಪ ಬಿಡಿಸಿ ಹೇಳಿ.

‘ಬಿಟ್’ ಎಂದರೆ ಸೊನ್ನೆ ಅಥವಾ ಒಂದು, ಮಾಹಿತಿಯ ಅತಿ ಸಣ್ಣ ತುಣುಕು. ಎಂಟು ಬಿಟ್ ಸೇರಿದರೆ ಒಂದು ‘ಬೈಟ್’. ಇಂಟರ್ನೆಟ್ ಸಂಪರ್ಕವನ್ನು ಬಿಟ್‌ನಲ್ಲಿ ಮಾರುತ್ತಾರೆ, ಫೈಲುಗಳನ್ನು ಬೈಟ್‌ನಲ್ಲಿ ಅಳೆಯುತ್ತಾರೆ. ಸೆಕೆಂಡಿಗೆ 100 ಮೆಗಾಬಿಟ್ ಸಂಪರ್ಕ ಎಂದರೆ 12.5 ಮೆಗಾಬೈಟ್ ಮಾತ್ರ. ಒಂದು ಗಿಗಾಬೈಟ್ ಫೈಲು ಇಳಿಯಲು ಹತ್ತು ಸೆಕೆಂಡ್ ಸಾಲದು, ಕನಿಷ್ಠ 80 ಸೆಕೆಂಡ್ ಬೇಕು.

ಒಂದು ಟೆರಾಬೈಟ್ ಡಿಸ್ಕ್ ಕಂಪ್ಯೂಟರಿನಲ್ಲಿ 931 ಗಿಗಾಬೈಟ್ ಎಂದು ತೋರಿಸುವುದೂ ವಿವರಣೆಯ ಗೊಂದಲವೇ ಹೊರತು ಮೋಸವಲ್ಲ. ತಯಾರಕರ ಲೆಕ್ಕದಲ್ಲಿ ಕಿಲೋ ಎಂದರೆ 1,000. ವಿಂಡೋಸ್ ಲೆಕ್ಕದಲ್ಲಿ 1,024. ಎರಡನೆಯದಕ್ಕೆ ‘ಕಿಬಿಬೈಟ್’, ‘ಗಿಬಿಬೈಟ್’ ಎಂಬ ಬೇರೆ ಹೆಸರುಗಳನ್ನು 1998ರಲ್ಲೇ ಕೊಟ್ಟಾಗಿದೆ. ಜನಬಳಕೆಗೆ ಬಂದಿಲ್ಲ, ಹಾಗಾಗಿ ಗೊಂದಲ ಉಳಿದಿದೆ.

‘ಬ್ಯಾಂಡ್‌ವಿಡ್ತ್’ ಒಂದು ಸೆಕೆಂಡಿನಲ್ಲಿ ಎಷ್ಟು ಹರಿಯಬಲ್ಲದು ಎಂಬುದು; ‘ಲೇಟೆನ್ಸಿ’ ಕಳಿಸಿದ ಮೊದಲ ಬಿಟ್ ತಲುಪಲು ಎಷ್ಟು ತಡ ಎಂಬುದು. ಭೂಸ್ಥಿರ ಉಪಗ್ರಹ ಸುಮಾರು 35,786 ಕಿ.ಮೀ. ಎತ್ತರದಲ್ಲಿದೆ. ಸಂಕೇತ ಮೇಲೆ ಹೋಗಿ ಕೆಳಗಿಳಿಯಲು ಬೆಳಕಿನ ವೇಗದಲ್ಲೂ 0.24 ಸೆಕೆಂಡ್ ಬೇಕು, ಮಾತಿಗೆ ಉತ್ತರ ಮರಳಲು ಅರ್ಧ ಸೆಕೆಂಡ್. ಬ್ಯಾಂಡ್‌ವಿಡ್ತ್ ಎಷ್ಟೇ ಹೆಚ್ಚಿಸಿ, ಆ ತಡ ಒಂದಿಷ್ಟೂ ತಗ್ಗದು. ವಿಡಿಯೊ ಕರೆಯಲ್ಲಿ ಚಿತ್ರ ಸ್ಪಷ್ಟವಿದ್ದು ಮಾತು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರೆ ದೋಷ ಲೇಟೆನ್ಸಿಯದು.

ಆಲ್ಗರಿದಮ್ ಎಂದರೆ ಪ್ರೋಗ್ರಾಮೇ?

ಅಲ್ಲ. ‘ಆಲ್ಗರಿದಮ್’ ಒಂದು ಸಮಸ್ಯೆ ಬಗೆಹರಿಸುವ ವಿಧಾನ: ಸಂದೇಹಕ್ಕೆ ಎಡೆಯಿಲ್ಲದ, ಎಲ್ಲೋ ಒಂದು ಕಡೆ ಮುಗಿಯುವ ಹೆಜ್ಜೆಗಳ ಸಾಲು. ಕಾಗದ ಪೆನ್ನಿನಲ್ಲಿ ಭಾಗಾಕಾರ ಮಾಡುವ ಕ್ರಮವೂ ಆಲ್ಗರಿದಮ್ಮೇ. ಅದನ್ನು ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆದಾಗ ‘ಪ್ರೋಗ್ರಾಮ್’. ಪದ ಬಂದದ್ದು 9ನೇ ಶತಮಾನದ ಗಣಿತಜ್ಞ ಅಲ್-ಖ್ವಾರಿಜ್ಮಿಯ ಹೆಸರಿನಿಂದ.

ಸಿಮೆಂಟ್ ರಸ್ತೆ ಎನ್ನುವುದು ಸರಿಯೇ?

ಮಾತಿನಲ್ಲಿ ನಡೆಯುತ್ತದೆ, ಬರಹದಲ್ಲಿ ಬೇಡ. ‘ಸಿಮೆಂಟ್’ ಎಂದರೆ ಬರೀ ಪುಡಿ, ಅಂಟು. ಅದಕ್ಕೆ ಮರಳು, ನೀರು ಸೇರಿದರೆ ‘ಮಾರ್ಟರ್’, ನಮ್ಮ ಗಾರೆ. ಇನ್ನು ಜಲ್ಲಿಯೂ ಸೇರಿದರೆ ‘ಕಾಂಕ್ರೀಟ್’. ರಸ್ತೆ ಕಾಂಕ್ರೀಟಿನದು. ‘ಪೋರ್ಟ್‌ಲ್ಯಾಂಡ್ ಸಿಮೆಂಟ್’ ಎಂಬುದು ಕಂಪನಿಯ ಹೆಸರಲ್ಲ. 1824ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಆಸ್ಪ್‌ಡಿನ್, ಗಟ್ಟಿಯಾದಾಗ ಅದು ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ಕಲ್ಲಿನಂತೆ ಕಾಣುತ್ತದೆಂದು ಇಟ್ಟ ಹೆಸರು.

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ನಷ್ಟ ಮಾಡುವ ತಪ್ಪು ತಿಳಿವಳಿಕೆ ‘ಸೆಟ್ಟಿಂಗ್’ ಎಂದರೆ ಒಣಗುವುದು ಎಂಬುದು. ಸಿಮೆಂಟ್ ಗಟ್ಟಿಯಾಗುವುದು ನೀರಿನೊಂದಿಗೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಅದರ ಹೆಸರು ‘ಹೈಡ್ರೇಶನ್’. ನೀರು ಬೇಗ ಆರಿಹೋದರೆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ, ಮೇಲ್ಮೈ ಬಿರುಕು ಬಿಡುತ್ತದೆ, ಪುಡಿ ಉದುರುತ್ತದೆ. ಅದಕ್ಕೇ ‘ಕ್ಯೂರಿಂಗ್’: ಕನಿಷ್ಠ 7 ದಿನ ಹಸಿ ಆರದಂತೆ ಕಾಪಾಡುವುದು. ಬಲದ ಪರೀಕ್ಷೆಗೆ 28 ದಿನ ಕಾಯುತ್ತಾರೆ. ಹಾಗೆಂದು ಕಲಸುವಾಗ ನೀರು ಸುರಿಯಬಾರದು. ‘ವಾಟರ್-ಸಿಮೆಂಟ್ ರೇಶಿಯೊ’ ಎಂದರೆ ನೀರಿನ ತೂಕವನ್ನು ಸಿಮೆಂಟಿನ ತೂಕದಿಂದ ಭಾಗಿಸಿದ ಸಂಖ್ಯೆ. ಅದು 0.5 ಇರಬೇಕಾದರೆ 50 ಕಿಲೋ ಚೀಲಕ್ಕೆ 25 ಲೀಟರ್, ಮರಳಿನೊಳಗಿನ ತೇವವೂ ಅದರಲ್ಲೇ ಸೇರಿ. ಹೆಚ್ಚಾದ ನೀರು ಆವಿಯಾಗಿ ಹೋದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿದು ಕಾಂಕ್ರೀಟ್ ಸೊರಗುತ್ತದೆ.

ಟೊಮೆಟೊ ಫ್ರೂಟೋ ವೆಜಿಟಬಲ್ಲೋ?

ಎರಡೂ, ಏಕೆಂದರೆ ಎರಡು ಪದಗಳು ಎರಡು ಬೇರೆ ಕ್ಷೇತ್ರದವು. ಸಸ್ಯಶಾಸ್ತ್ರದಲ್ಲಿ ‘ಫ್ರೂಟ್’ ಎಂದರೆ ಹೂವಿನ ಅಂಡಾಶಯ ಬಲಿತು ಆದದ್ದು. ಆ ಲೆಕ್ಕಕ್ಕೆ ಟೊಮೆಟೊ, ಬದನೆ, ಮೆಣಸಿನಕಾಯಿ, ಸೌತೆ ಎಲ್ಲವೂ ಫ್ರೂಟ್. ‘ವೆಜಿಟಬಲ್’ ಸಸ್ಯಶಾಸ್ತ್ರದ ಪದವೇ ಅಲ್ಲ, ಅಡುಗೆಯ ಪದ. ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಈ ಪ್ರಶ್ನೆ 1893ರಲ್ಲಿ ಬಂದಿತ್ತು, ತರಕಾರಿಯ ಆಮದಿಗೆ ಸುಂಕವಿತ್ತು, ಹಣ್ಣಿಗೆ ಇರಲಿಲ್ಲ. ಸಸ್ಯಶಾಸ್ತ್ರ ಏನೇ ಹೇಳಲಿ, ಜನ ಅದನ್ನು ಊಟದ ಜೊತೆ ತಿನ್ನುವುದರಿಂದ ಸುಂಕದ ಮಟ್ಟಿಗೆ ಅದು ತರಕಾರಿ ಎಂದು ಕೋರ್ಟು ತೀರ್ಪಿತ್ತಿತು. ಕನ್ನಡದ ಕಾಯಿ, ಹಣ್ಣು ಎಂಬ ವಿಂಗಡಣೆಗೆ ಈ ಜಗಳವೇ ಇಲ್ಲ. ಅದು ಮಾಗಿದೆಯೋ ಇಲ್ಲವೋ ಎಂದಷ್ಟೇ ಕೇಳುತ್ತದೆ.

‘ಬೆರಿ’ ಇನ್ನೂ ಸ್ವಾರಸ್ಯದ್ದು. ಒಂದೇ ಹೂವಿನ ಅಂಡಾಶಯದಿಂದ ಆಗಿ, ಒಳಗೆ ಗಟ್ಟಿ ಓಟೆಯಿಲ್ಲದೆ ತಿರುಳೇ ತುಂಬಿದ ಹಣ್ಣು ಬೆರಿ. ಬಾಳೆ ಬೆರಿ, ದ್ರಾಕ್ಷಿ ಬೆರಿ, ಟೊಮೆಟೊ ಬೆರಿ. ಹೆಸರಿನಲ್ಲೇ ಬೆರಿ ಇರುವ ಸ್ಟ್ರಾಬೆರಿ ಮಾತ್ರ ಬೆರಿಯಲ್ಲ: ನಾವು ತಿನ್ನುವುದು ಹೂವಿನ ಪೀಠ ಉಬ್ಬಿದ್ದನ್ನು, ಮೇಲೆ ಅಂಟಿದ ಬೀಜದಂಥ ಚುಕ್ಕೆ ಒಂದೊಂದೂ ಒಂದು ಹಣ್ಣು. ‘ನಟ್’ ಎಂಬ ಪದಕ್ಕೂ ಇದೇ ಗತಿ. ಪೀನಟ್ ನೆಲದೊಳಗೆ ಬಲಿಯುವ ದ್ವಿದಳ ಕಾಯಿಯ ಬೀಜ. ಬಾದಾಮಿ ಓಟೆಯೊಳಗಿನ ಬೀಜ. ಗೋಡಂಬಿಯಲ್ಲಿ ರಸಭರಿತವಾಗಿ ಉಬ್ಬಿರುವುದು ತೊಟ್ಟು, ಅದರ ತುದಿಗೆ ನೇತಾಡುವ ಮೂತ್ರಪಿಂಡದಾಕಾರದ್ದೇ ನಿಜವಾದ ಹಣ್ಣು.

ವೈದ್ಯಕೀಯ ಪದಗಳು ಉದ್ದುದ್ದ ಇರುತ್ತವೆ. ಒಡೆದು ಓದುವ ದಾರಿ ಇದೆಯೇ?

ಇದೆ, ಬಾಲದಿಂದ ಶುರುಮಾಡಿ. ‘ಐಟಿಸ್’ ಉರಿಯೂತ, ‘ಆಲ್ಜಿಯ’ ನೋವು, ‘ಎಕ್ಟಮಿ’ ಕತ್ತರಿಸಿ ತೆಗೆಯುವುದು, ‘ಆಟಮಿ’ ಕೊಯ್ಯುವುದು, ‘ಆಸ್ಟಮಿ’ ಹೊರಕ್ಕೆ ದ್ವಾರ ಮಾಡುವುದು, ‘ಈಮಿಯ’ ರಕ್ತದ ಸ್ಥಿತಿ. ಅಪೆಂಡಿಸೈಟಿಸ್ ಎಂದರೆ ಅಪೆಂಡಿಕ್ಸಿನ ಉರಿಯೂತ, ಅಪೆಂಡೆಕ್ಟಮಿ ಎಂದರೆ ಅದನ್ನು ತೆಗೆಯುವ ಶಸ್ತ್ರಚಿಕಿತ್ಸೆ. ‘ಓಮ’ ಸಾಮಾನ್ಯವಾಗಿ ಗೆಡ್ಡೆಯನ್ನು ಸೂಚಿಸಿದರೂ ‘ಹೆಮಟೋಮ’ ಅದಕ್ಕೆ ಅಪವಾದ. ಅದು ರಕ್ತನಾಳದಿಂದ ಸೋರಿ ಒಂದೆಡೆ ಗುಂಪಾದ ರಕ್ತ, ಗೆಡ್ಡೆಯಲ್ಲ.

ವರದಿಗಳಲ್ಲಿ ‘ಸಿಂಪ್ಟಮ್’, ‘ಸೈನ್’ ಎರಡೂ ಬರುತ್ತವೆ. ರೋಗಿಗೆ ಅನುಭವವಾಗಿ ಅವರೇ ಹೇಳಬೇಕಾದದ್ದು ಸಿಂಪ್ಟಮ್: ತಲೆನೋವು, ಸುಸ್ತು. ಪರೀಕ್ಷಿಸುವವರಿಗೆ ಕಾಣುವುದು ಅಥವಾ ಅಳತೆಗೆ ಸಿಗುವುದು ಸೈನ್: ಊತ, ಏರಿದ ರಕ್ತದೊತ್ತಡ. ಒಟ್ಟೊಟ್ಟಿಗೆ ಕಾಣಿಸಿಕೊಳ್ಳುವ ಇಂಥವುಗಳ ಕಟ್ಟು ‘ಸಿಂಡ್ರೋಮ್’.

ಇನ್ಸಿಡೆನ್ಸ್ ಮತ್ತು ಪ್ರೆವಲೆನ್ಸ್?

ನಿಗದಿತ ಅವಧಿಯಲ್ಲಿ ಹೊಸದಾಗಿ ರೋಗ ಬಂದವರ ಲೆಕ್ಕ ‘ಇನ್ಸಿಡೆನ್ಸ್’. ಒಂದು ಹೊತ್ತಿನಲ್ಲಿ ಒಟ್ಟು ರೋಗ ಇರುವವರ ಪ್ರಮಾಣ ‘ಪ್ರೆವಲೆನ್ಸ್’. ತೊಟ್ಟಿಗೆ ಬೀಳುವ ನೀರು ಒಂದು, ತೊಟ್ಟಿಯಲ್ಲಿ ನಿಂತ ನೀರು ಇನ್ನೊಂದು. ಒಳ್ಳೆಯ ಚಿಕಿತ್ಸೆ ಬಂದು, ರೋಗ ವಾಸಿಯಾಗದಿದ್ದರೂ ಜನ ಹೆಚ್ಚು ಕಾಲ ಬದುಕಿದರೆ ಪ್ರೆವಲೆನ್ಸ್ ಏರುತ್ತದೆ. ಆ ಏರಿಕೆ ಕೆಟ್ಟ ಸುದ್ದಿಯಲ್ಲ.

ಹಣಕಾಸಿನ ಸುದ್ದಿಯಲ್ಲಿ ಹೆಚ್ಚು ತಪ್ಪಾಗಿ ಓದುವ ಪದಗಳು ಯಾವುವು?

ಮೇಲಿನ ತೊಟ್ಟಿಯ ಲೆಕ್ಕವೇ ಇಲ್ಲೂ. ‘ಡೆಫಿಸಿಟ್’ ಒಂದು ವರ್ಷದಲ್ಲಿ ಆದಾಯಕ್ಕಿಂತ ಹೆಚ್ಚಾದ ಖರ್ಚು. ‘ಡೆಟ್’ ವರ್ಷವರ್ಷದ ಕೊರತೆ ಕೂಡಿ ನಿಂತ ಸಾಲ. ಡೆಫಿಸಿಟ್ ಅರ್ಧಕ್ಕೆ ಇಳಿದ ವರ್ಷವೂ ಡೆಟ್ ಬೆಳೆಯುತ್ತಲೇ ಇರುತ್ತದೆ. ‘ಇನ್ಫ್ಲೇಶನ್’ ಇಳಿಯಿತು ಎಂದರೆ ಬೆಲೆ ಇಳಿಯಿತು ಎಂದಲ್ಲ. 100 ಇದ್ದ ಬೆಲೆ ಮೊದಲ ವರ್ಷ ಶೇ 6 ಏರಿ 106, ಮರುವರ್ಷ ಶೇ 4 ಏರಿ 110.24. ಏರುವ ದರ ಇಳಿದಿದೆ, ಬೆಲೆ ಏರಿದೆ. ಬೆಲೆಗಳೇ ಇಳಿಯುವುದಕ್ಕೆ ‘ಡಿಫ್ಲೇಶನ್’ ಎಂಬ ಬೇರೆ ಪದವಿದೆ.

ಬಡ್ಡಿ ಶೇ 8ರಿಂದ 10ಕ್ಕೆ ಹೋದರೆ ಏರಿಕೆ 2 ‘ಪರ್ಸೆಂಟೇಜ್ ಪಾಯಿಂಟ್’, ಅಥವಾ ಶೇ 25. ‘ಶೇ 2 ಏರಿಕೆ’ ಎಂದು ಬರೆದರೆ ತಪ್ಪು. ವ್ಯಾಪಾರದಲ್ಲಿ 80ಕ್ಕೆ ಕೊಂಡು 100ಕ್ಕೆ ಮಾರಿದರೆ ಲಾಭ 20. ಅದನ್ನು ಮಾರಿದ ಬೆಲೆಯಿಂದ ಭಾಗಿಸಿದರೆ ‘ಮಾರ್ಜಿನ್’ ಶೇ 20, ಕೊಂಡ ಬೆಲೆಯಿಂದ ಭಾಗಿಸಿದರೆ ‘ಮಾರ್ಕಪ್’ ಶೇ 25.

ಆವರೇಜ್ ಎಂದಾಗ ಯಾವ ಸರಾಸರಿ?

ಸಾಮಾನ್ಯವಾಗಿ ‘ಮೀನ್’: ಎಲ್ಲ ಕೂಡಿಸಿ ಎಣಿಕೆಯಿಂದ ಭಾಗಿಸಿದ್ದು. ಐವರ ಆದಾಯ 10, 12, 14, 16, 148 ಎಂದುಕೊಳ್ಳಿ. ಮೀನ್ 40, ಐವರಲ್ಲಿ ನಾಲ್ವರಿಗೆ ಅದರ ಅರ್ಧವೂ ಇಲ್ಲ. ಏರಿಕೆಯ ಕ್ರಮದಲ್ಲಿ ನಿಲ್ಲಿಸಿದಾಗ ನಡುವೆ ಬರುವುದು ‘ಮೀಡಿಯನ್’, ಮಧ್ಯಾಂಕ: ಇಲ್ಲಿ 14. ಆದಾಯ, ಮನೆಯ ಬೆಲೆಗಳಂಥ ಒಂದೇ ಕಡೆ ಬಾಲ ಚಾಚಿದ ಅಂಕಿಗಳಿಗೆ ಮಧ್ಯಾಂಕವೇ ಪ್ರಾಮಾಣಿಕ. ಅತಿ ಹೆಚ್ಚು ಸಲ ಬರುವ ಸಂಖ್ಯೆ ‘ಮೋಡ್’, ಬಹುಲಕ.

ಥಿಯರಿ ಎಂದರೆ ಇನ್ನೂ ಸಾಬೀತಾಗದ ಊಹೆ ಅಲ್ಲವೇ?

ಹರಟೆಯಲ್ಲಿ ಹಾಗೆ, ವಿಜ್ಞಾನದಲ್ಲಿ ಹಾಗಲ್ಲ. ಪರೀಕ್ಷಿಸಲೆಂದು ಮುಂದಿಟ್ಟ ಊಹೆಗೆ ‘ಹೈಪಾಥಿಸಿಸ್’ ಎಂದು ಹೆಸರು. ಪ್ರಯೋಗಗಳನ್ನು ಗೆದ್ದು ಬಂದ, ಅನೇಕ ಸಂಗತಿಗಳಿಗೆ ಒಟ್ಟಿಗೆ ಕಾರಣ ಹೇಳುವ ವಿವರಣೆ ‘ಥಿಯರಿ’, ಸಿದ್ಧಾಂತ. ಪ್ರಕೃತಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಚಿಕ್ಕದಾಗಿ, ಸಾಮಾನ್ಯವಾಗಿ ಸಮೀಕರಣದಲ್ಲಿ ಹೇಳುವುದು ‘ಲಾ’, ನಿಯಮ. ಥಿಯರಿ ಬಡ್ತಿ ಪಡೆದು ಲಾ ಆಗುವುದಿಲ್ಲ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಗುರುತ್ವ ನಿಯಮ ಎಳೆತ ಎಷ್ಟು ಎಂದು ಹೇಳಿತು. ಯಾಕೆ ಎಂಬುದನ್ನು ಐನ್‌ಸ್ಟೈನ್ 1915ರಲ್ಲಿ ಮುಂದಿಟ್ಟ ಸಾಪೇಕ್ಷತಾ ಸಿದ್ಧಾಂತ ಹೇಳಿತು. ರೋಗಾಣುಗಳಿಂದ ರೋಗ ಬರುತ್ತದೆ ಎಂಬುದೂ ಥಿಯರಿಯೇ. ‘ಬರೀ ಥಿಯರಿ’ ಎಂದು ಅದನ್ನು ತಳ್ಳಿಹಾಕುವವರು ಒಂದು ಪದದ ಎರಡು ಅರ್ಥಗಳಿಗೆ ಬಲಿಯಾಗಿದ್ದಾರೆ, ಮತ್ತು ಅದರ ಬೆಲೆ ಕೆಲವೊಮ್ಮೆ ಜೀವವೇ ಆಗುತ್ತದೆ.

ಒಂದೇ ಪದ ಎರಡು ಶಾಸ್ತ್ರಗಳಲ್ಲಿ ಬೇರೆ ಅರ್ಥ ಪಡೆಯುವುದುಂಟೇ?

ಬೇಕಾದಷ್ಟು. ‘ವರ್ಕ್’ ಎಂದರೆ ಭೌತಶಾಸ್ತ್ರದಲ್ಲಿ ಬಲವನ್ನು ಅದರ ದಿಕ್ಕಿನಲ್ಲಿ ಸರಿದ ದೂರದಿಂದ ಗುಣಿಸಿದ್ದು. 20 ಕಿಲೋ ಚೀಲ ಹಿಡಿದು ಅರ್ಧ ಗಂಟೆ ಅಲುಗಾಡದೆ ನಿಂತರೆ ಚೀಲದ ಮೇಲೆ ಆದ ವರ್ಕ್ ಸೊನ್ನೆ, ತೋಳು ಎಷ್ಟೇ ನೋಯಲಿ. ‘ಸ್ಟ್ರೆಸ್’ ಮನಶ್ಶಾಸ್ತ್ರದಲ್ಲಿ ಒತ್ತಡ, ಎಂಜಿನಿಯರಿಂಗ್‌ನಲ್ಲಿ ಪ್ರತಿ ಚದರ ಅಳತೆಗೆ ಬೀಳುವ ಬಲ. ಅದರಿಂದ ವಸ್ತು ತನ್ನ ಉದ್ದಕ್ಕೆ ಹೋಲಿಸಿ ಎಷ್ಟು ಹಿಗ್ಗಿತು ಎಂಬುದು ‘ಸ್ಟ್ರೇನ್’. 2 ಮೀಟರ್ ತಂತಿ 2 ಮಿಲಿಮೀಟರ್ ಹಿಗ್ಗಿದರೆ ಸ್ಟ್ರೇನ್ 0.001, ಅದಕ್ಕೆ ಅಳತೆಯ ಮಾನ ಇಲ್ಲ.

‘ಎಂಟ್ರೊಪಿ’ಯನ್ನು 1865ರಲ್ಲಿ ರುಡಾಲ್ಫ್ ಕ್ಲಾಸಿಯಸ್ ಉಷ್ಣದ ಶಾಸ್ತ್ರಕ್ಕೆ ತಂದರು; ಅಲ್ಲಿ ಅದು ಶಕ್ತಿ ಕೆಲಸಕ್ಕೆ ಸಿಗದಂತೆ ಎಷ್ಟು ಹರಡಿಹೋಗಿದೆ ಎಂಬುದರ ಅಳತೆ. 1948ರಲ್ಲಿ ಕ್ಲಾಡ್ ಶಾನನ್ ಅದೇ ಹೆಸರನ್ನು ಮಾಹಿತಿಯ ಅನಿಶ್ಚಿತತೆಗೆ ಬಳಸಿದರು: ಸರಿಯಾದ ನಾಣ್ಯ ಚಿಮ್ಮಿದರೆ ಎಂಟ್ರೊಪಿ ಒಂದು ಬಿಟ್, ಎರಡೂ ಕಡೆ ಒಂದೇ ಚಿತ್ರವಿದ್ದರೆ ಸೊನ್ನೆ. ಪಾಸ್‌ವರ್ಡ್ ಕುರಿತ ಬರಹದಲ್ಲಿ ಎಂಟ್ರೊಪಿ ಕಂಡರೆ ಎರಡನೆಯ ಅರ್ಥ ಹಿಡಿಯಿರಿ.

ನಾಲ್ಕೈದು ನಾಮಪದ ಸಾಲಾಗಿ ಬಂದರೆ ಓದುವುದು ಹೇಗೆ?

ಕೊನೆಯಿಂದ. ಕೊನೆಯ ಪದವೇ ಯಜಮಾನ, ಅದಕ್ಕಿಂತ ಮೊದಲು ಬಂದವೆಲ್ಲ ಅದರ ವಿಶೇಷಣ. ಕನ್ನಡದ ‘ಮನೆಬಾಗಿಲು’ ಬಾಗಿಲೇ ಆಗಿರುವಂತೆ. ‘ಬ್ಲಡ್ ಗ್ಲೂಕೋಸ್ ಮಾನಿಟರ್ ಫೇಲ್ಯೂರ್ ರಿಪೋರ್ಟ್’ ಒಂದು ವರದಿ, ಯಾವುದರ? ಕೆಟ್ಟುಹೋದದ್ದರ, ಏನು ಕೆಟ್ಟದ್ದು? ಮಾಪಕ, ಯಾವ ಮಾಪಕ? ರಕ್ತದ ಗ್ಲೂಕೋಸ್ ಅಳೆಯುವುದು. ಒಂದೊಂದೇ ಪ್ರಶ್ನೆ ಕೇಳುತ್ತ ಎಡಕ್ಕೆ ಸರಿಯಿರಿ. ಜೆಲ್ಲಿಫಿಶ್ ಮೀನಲ್ಲ, ಗಿನಿಪಿಗ್ ಹಂದಿಯಲ್ಲ. ಇಂಥ ಅಪವಾದಗಳು ಹಳೆಯ ದಿನಬಳಕೆಯ ಹೆಸರುಗಳಲ್ಲೇ ಹೆಚ್ಚು, ತಾಂತ್ರಿಕ ಪದಗಳಲ್ಲಿ ವಿರಳ.

ತಾಂತ್ರಿಕ ಪದಗಳನ್ನು ಕನ್ನಡಕ್ಕೆ ತರಬೇಕೇ, ಹಾಗೆಯೇ ಇಡಬೇಕೇ?

ಕನ್ನಡ ಪದ ಎರಡು ಅರ್ಥಗಳನ್ನು ಬೇರೆಯಾಗಿ ಇಡಬಲ್ಲದಾದರೆ ಕನ್ನಡವನ್ನೇ ಬಳಸಿ. ಜವ–ವೇಗ, ಉಷ್ಣ–ತಾಪ, ದ್ರವ್ಯರಾಶಿ–ತೂಕ ಜೋಡಿಗಳು ಶಾಲಾಪಠ್ಯದಲ್ಲಿ ನೆಲೆಯೂರಿವೆ, ಕೆಲಸ ಚೆನ್ನಾಗಿ ಮಾಡುತ್ತವೆ. ಒಂದೇ ಕನ್ನಡ ಪದ ಎರಡನ್ನೂ ನುಂಗುತ್ತಿದ್ದರೆ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿಟ್ಟು ಪಕ್ಕದಲ್ಲಿ ವಿವರಿಸಿ. ‘ನಿಖರತೆ’ಯನ್ನು ‘ಆ್ಯಕ್ಯುರಸಿ’ಗೂ ‘ಪ್ರಿಸಿಶನ್’ಗೂ ಬಳಸುವುದುಂಟು. 50.0 ಕಿಲೋದ ಬೊಟ್ಟನ್ನು ಒಂದು ತಕ್ಕಡಿ ಮೂರು ಸಲ 52.1, 52.1, 52.1 ಎಂದು ತೂಗಿದರೆ ಅದಕ್ಕೆ ಪ್ರಿಸಿಶನ್ ಇದೆ, ಆ್ಯಕ್ಯುರಸಿ ಇಲ್ಲ; ಸೊನ್ನೆ ಸರಿಪಡಿಸಿ, ಗೊತ್ತಿರುವ ಬೊಟ್ಟಿಟ್ಟು ಮತ್ತೊಮ್ಮೆ ನೋಡಬೇಕು. ಇನ್ನೊಂದು 48.7, 51.2, 50.1 ಎಂದರೆ ಸರಾಸರಿ 50.0 ಬಂದರೂ ಒಂದು ಸಲದ ತೂಕವನ್ನು ನಂಬುವಂತಿಲ್ಲ. ಅದಕ್ಕೆ ದುರಸ್ತಿಯೇ ಬೇಕು. ಎರಡಕ್ಕೂ ‘ನಿಖರವಾಗಿಲ್ಲ’ ಎಂದಷ್ಟೇ ಬರೆದರೆ ಯಾವುದಕ್ಕೆ ಏನು ಮಾಡಬೇಕೆಂದು ಓದುಗರಿಗೆ ತಿಳಿಯುವುದಿಲ್ಲ.